ಎಪಿಂಗ್ ಕಾಡಿನಲ್ಲಿ ನಕ್ಷೆ ಹಿಡಿದು: ಓರಿಯಂಟೀರಿಂಗ್ ಕ್ಲಬ್ಬಿನ ನನ್ನ ಅನುಭವ

ಲಂಡನ್ ನಗರದ ಈಶಾನ್ಯಕ್ಕೆ, ಮ್ಯಾನರ್ ಪಾರ್ಕಿನಿಂದ ಎಪಿಂಗ್ ಪಟ್ಟಣದ ಆಚೆಯವರೆಗೆ ಸುಮಾರು 19 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಎಪಿಂಗ್ ಕಾಡು ಮೇಲುನೋಟಕ್ಕೆ ದಾರಿ ತಪ್ಪುವಂಥ ಜಾಗವೇ ಅಲ್ಲ. ಅದರ ಅಗಲ ಕಡಿಮೆ. ಅಡ್ಡಡ್ಡವಾಗಿ ಸ್ವಲ್ಪ ಹೊತ್ತು ನಡೆದರೆ ಯಾವುದಾದರೊಂದು ರಸ್ತೆಗೆ ಬಂದು ಮುಟ್ಟುತ್ತೇವೆ. ಆದರೆ ಕೈಗೊಂದು ನಕ್ಷೆ ಕೊಟ್ಟು, ಅದರ ಮೇಲೆ ನೇರಳೆ ಬಣ್ಣದ ಸಣ್ಣ ವೃತ್ತ ಬರೆದು, ಆ ವೃತ್ತದ ನಡುವೆ ಇರುವ ಒಂದು ಗುಂಡಿಯನ್ನು ಹುಡುಕಿ ಬರಬೇಕೆಂದರೆ ಅದೇ ಕಾಡು ಬಹಳ ದೊಡ್ಡದಾಗಿಬಿಡುತ್ತದೆ. ನಮ್ಮ ಭಾಗದ ಓರಿಯಂಟೀರಿಂಗ್ ಕ್ಲಬ್ಬಿನ ಜೊತೆ ಕೆಲವು ವರ್ಷಗಳಿಂದ ಭಾನುವಾರದ ಬೆಳಗುಗಳನ್ನು ನಾನು ಕಳೆಯುತ್ತಿರುವುದು ಇಂಥ ಗುಂಡಿಗಳನ್ನು, ತೊರೆಗಳ ತಿರುವುಗಳನ್ನು ಮತ್ತು ಹಳೆಯ ಮಣ್ಣಿನ ಬದುಗಳನ್ನು ಹುಡುಕುವುದರಲ್ಲಿ.

ಆಟದ ನಿಯಮ ಸರಳವಾಗಿದೆ. ಸ್ಪರ್ಧಿಗಳು ಸ್ವಲ್ಪ ಸ್ವಲ್ಪ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ, ಮತ್ತು ಬಿಳಿ–ಕಿತ್ತಳೆ ಬಣ್ಣದ ಬಟ್ಟೆಯ ಗುರುತು ತೂಗುಹಾಕಿರುವ ಸ್ಥಳಗಳನ್ನು, ಅಂದರೆ ಕಂಟ್ರೋಲ್‌ಗಳನ್ನು, ಹೇಳಿದ ಕ್ರಮದಲ್ಲಿ ಮುಟ್ಟಿ ವಾಪಸು ಬರುತ್ತಾರೆ. ಎರಡು ಕಂಟ್ರೋಲ್‌ಗಳ ನಡುವೆ ಯಾವ ದಾರಿ ಹಿಡಿಯಬೇಕೆಂಬುದು ಅವರವರ ಆಯ್ಕೆ. ನಕ್ಷೆ ಕೈಗೆ ಸಿಗುವುದು ಹೊರಡುವ ಗಳಿಗೆಯಲ್ಲೇ ಆದ್ದರಿಂದ ಮೊದಲೇ ಕುಳಿತು ಯೋಚಿಸಲು ಅವಕಾಶವಿಲ್ಲ.

ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ನಕ್ಷೆ ಓದುವುದನ್ನು ಕಲಿತಿದ್ದರಿಂದ ಈ ಆಟದ ಅರ್ಧ ನನಗೆ ಬರುತ್ತದೆಂದು ನಂಬಿಕೊಂಡೇ ಇಲ್ಲಿಗೆ ಬಂದಿದ್ದೆ. ಆ ಕಲಿಕೆ ಉಪಯೋಗಕ್ಕೆ ಬಂದದ್ದು ನಿಜ, ಆದರೆ ನಿರೀಕ್ಷಿಸಿದ ಕಡೆಯಲ್ಲಿ ಅಲ್ಲ. ನಾವು ಬಳಸುತ್ತಿದ್ದ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ 1:50,000 ಪ್ರಮಾಣದ್ದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್, ಮತ್ತು ಕಾಂಟೂರ್ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ, ನಡುವಿನ ಎತ್ತರ ಸಾಮಾನ್ಯವಾಗಿ 20 ಮೀಟರ್. ಓರಿಯಂಟೀರಿಂಗ್ ನಕ್ಷೆ ಬಹುತೇಕ 1:10,000 ಪ್ರಮಾಣದಲ್ಲಿದ್ದು, ಕಾಂಟೂರ್‌ಗಳು ಐದೈದು ಮೀಟರ್‌ಗೆ ಬರುತ್ತವೆ. ಟೋಪೋಶೀಟಿನಲ್ಲಿ ಲೆಕ್ಕಕ್ಕೇ ಬಾರದ, ಒಂದಾಳು ಇಳಿದು ಹತ್ತಬಹುದಾದ ಕೊರಕಲು ಇಲ್ಲಿ ಸ್ಪಷ್ಟವಾದ ಕಂದು ಗೆರೆಯಾಗಿ ಕಾಣುತ್ತದೆ. ನಿಜ ಉತ್ತರ, ಜಾಲಕದ ಉತ್ತರ, ಕಾಂತೀಯ ಉತ್ತರ ಎಂದು ಕೂಡಿ ಕಳೆಯುವ ಲೆಕ್ಕವೂ ಇಲ್ಲಿಲ್ಲ. ಈ ನಕ್ಷೆಗಳ ಉತ್ತರ ರೇಖೆಗಳನ್ನು ಕಾಂತೀಯ ಉತ್ತರಕ್ಕೇ ಹೊಂದಿಸಿ ಎಳೆದಿರುವುದರಿಂದ, ಕಂಪಾಸಿನ ಮುಳ್ಳಿಗೆ ಸಮಾನಾಂತರವಾಗಿ ನಕ್ಷೆಯನ್ನು ತಿರುಗಿಸಿ ಹಿಡಿದರೆ ಕೆಲಸ ಮುಗಿಯಿತು. ಬಣ್ಣಗಳು ಮಾತ್ರ ಕೆಲವು ವಾರ ನನ್ನನ್ನು ಕಾಡಿದವು. ಟೋಪೋಶೀಟಿನಲ್ಲಿ ಹಸಿರೆಂದರೆ ಕಾಡು. ಇಲ್ಲಿ ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ, ತೆರೆದ ಬಯಲಿಗೆ ಹಳದಿ, ಮತ್ತು ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟವೆಂದು ಅರ್ಥ.

ಎಪಿಂಗ್ ಕಾಡಿನಲ್ಲಿ ಬಿಳಿ ಮತ್ತು ಹಸಿರು ಹೀಗೆ ಹಂಚಿಹೋಗಿರುವುದರ ಹಿಂದೆ ಒಂದು ಚರಿತ್ರೆಯಿದೆ. ಇಲ್ಲಿನ ಬೀಚ್ ಮತ್ತು ಹಾರ್ನ್‌ಬೀಮ್ ಮರಗಳನ್ನು ಸುತ್ತಲಿನ ಊರವರು ಶತಮಾನಗಳ ಕಾಲ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಸವರಿ ಸೌದೆ ಒಯ್ಯುತ್ತಿದ್ದರು. 1878ರ ಎಪಿಂಗ್ ಫಾರೆಸ್ಟ್ ಕಾಯಿದೆಯ ಮೂಲಕ ಕಾಡು ಸಿಟಿ ಆಫ್ ಲಂಡನ್ ಕಾರ್ಪೊರೇಷನ್ನಿನ ಉಸ್ತುವಾರಿಗೆ ಬಂದಾಗ ಸೌದೆ ಸವರುವ ಹಕ್ಕು ಕೊನೆಗೊಂಡಿತು. ಅದಕ್ಕೆ ಪರಿಹಾರವಾಗಿ ಲೌಟನ್ ಊರಿನವರಿಗೆ ದೊರೆತ ಹಣದಲ್ಲಿ ಕಟ್ಟಿದ ಲಾಪಿಂಗ್ ಹಾಲ್ ಇಂದಿಗೂ ಅಲ್ಲಿದೆ. ಸವರುವುದು ನಿಂತ ಮೇಲೆ ಬೀಚ್ ಮರಗಳ ಕೊಂಬೆಗಳು ದಪ್ಪಗೆ ಬೆಳೆದು ಮೇಲೆ ಚಪ್ಪರದಂತೆ ಹೆಣೆದುಕೊಂಡವು, ಬಿಸಿಲು ಬೀಳದ ನೆಲದಲ್ಲಿ ಹುಲ್ಲು ಪೊದೆಗಳು ಕಡಿಮೆಯಾದವು, ಮತ್ತು ಓಡುವವರ ಪಾಲಿಗೆ ತರಗೆಲೆ ಹಾಸಿದ ವಿಶಾಲವಾದ ಬಿಳಿ ಪ್ರದೇಶಗಳು ಉಳಿದವು. ಹಾಲಿ ಎಂಬ ಮುಳ್ಳೆಲೆಯ ಗಿಡ ನೆರಳಿನಲ್ಲೂ ದಟ್ಟವಾಗಿ ಬೆಳೆಯುತ್ತದೆ. ಅದು ಬೆಳೆದ ಜಾಗಗಳೇ ನಕ್ಷೆಯ ಗಾಢ ಹಸಿರು, ಮತ್ತು ಅಲ್ಲಿ ನುಗ್ಗಿದವರ ಮುಂಗೈ ನೋಡಿದರೆ ಅವರು ಯಾವ ದಾರಿಯಲ್ಲಿ ಬಂದರೆಂದು ಕೇಳಬೇಕಾಗಿಲ್ಲ.

ಬ್ರಿಟನ್ನಿನ ಕ್ಲಬ್ಬುಗಳು ಮಾರ್ಗಗಳನ್ನು ಬಣ್ಣದ ಹೆಸರುಗಳಿಂದ ವಿಂಗಡಿಸುತ್ತವೆ: ವೈಟ್, ಯೆಲ್ಲೋ, ಆರೆಂಜ್, ಲೈಟ್ ಗ್ರೀನ್, ಗ್ರೀನ್, ಬ್ಲೂ, ಬ್ರೌನ್. ವೈಟ್ ಮಾರ್ಗ ಒಂದೆರಡು ಕಿಲೋಮೀಟರ್‌ನದು. ಅದರ ಕಂಟ್ರೋಲ್‌ಗಳೆಲ್ಲ ಕಾಲುದಾರಿಯ ಮೇಲೆ, ದಾರಿ ಕವಲೊಡೆಯುವಲ್ಲೆಲ್ಲ ಇರುತ್ತವೆ. ಆರೆಂಜ್‌ಗೆ ಬಂದಾಗ ಕಾಲುದಾರಿ ಬಿಟ್ಟು ಸ್ವಲ್ಪ ದೂರ ಕಾಡಿನೊಳಗೆ ಹೆಜ್ಜೆಯಿಡಬೇಕು, ಸಣ್ಣಪುಟ್ಟ ಅಡ್ಡದಾರಿಗಳನ್ನು ಆರಿಸಿಕೊಳ್ಳಬೇಕು. ಗ್ರೀನ್, ಬ್ಲೂ, ಬ್ರೌನ್ ಈ ಮೂರಕ್ಕೂ ನಕ್ಷೆ ಓದುವ ಕಷ್ಟದ ಮಟ್ಟ ಒಂದೇ. ಉದ್ದ ಮಾತ್ರ ಬೇರೆ. ಇದನ್ನು ಹೊಸಬರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಏಕೆಂದರೆ ಗ್ರೀನ್ ಎಂದರೆ ಚಿಕ್ಕದು, ಆದ್ದರಿಂದ ಸುಲಭದ್ದು ಎಂದೇ ಎಲ್ಲರೂ ತಿಳಿಯುತ್ತಾರೆ.

ನಾನು ಆರಂಭಿಸಿದ್ದು ಮಗಳ ಜೊತೆ ವೈಟ್ ಮಾರ್ಗದಲ್ಲಿ. ನಕ್ಷೆ ಅವಳ ಕೈಯಲ್ಲಿ, ನಾನು ಎರಡು ಹೆಜ್ಜೆ ಹಿಂದೆ. ಕವಲು ಬಂದಾಗ ನಾನು ಬಾಯಿ ತೆರೆದರೆ, "ಅಪ್ಪಾ, ನೀವು ಹೇಳಬೇಡಿ" ಎಂದು ನಿಂತುಬಿಡುತ್ತಿದ್ದಳು. ಅವಳು ಯೆಲ್ಲೋಗೆ ಹೋದಾಗ ನಾನು ಒಬ್ಬನೇ ಆರೆಂಜ್‌ಗೆ ಹೋದೆ, ಆಮೇಲೆ ಲೈಟ್ ಗ್ರೀನ್‌ನಲ್ಲಿ ಬಹಳ ಕಾಲ ನಿಂತೆ. ಓಡುವ ಶಕ್ತಿಯಿರುವ ವಯಸ್ಕರು ಈ ಮೆಟ್ಟಿಲನ್ನು ಹಾರಿ ನೇರವಾಗಿ ಬ್ಲೂಗೆ ಹೋಗುವುದನ್ನು ನೋಡುತ್ತಲೇ ಇರುತ್ತೇನೆ. ಅದು ನನಗೆ ಸರಿಯೆಂದು ತೋರುವುದಿಲ್ಲ. ಕಾಲುದಾರಿಗಳನ್ನು ನಂಬುವುದನ್ನು ಬಿಟ್ಟು ನೆಲದ ಏರಿಳಿತವನ್ನು ನಂಬಲು ಕಲಿಯುವುದು ಲೈಟ್ ಗ್ರೀನ್‌ನಲ್ಲಿ. ಎಪಿಂಗ್ ಕಾಡಿನಲ್ಲಿ ಈ ಬದಲಾವಣೆ ಅನಿವಾರ್ಯವೂ ಹೌದು: ನಡೆಯುವವರು, ಸೈಕಲ್ ಸವಾರರು, ಕುದುರೆ ಸವಾರರು ಸೇರಿ ಪ್ರತಿ ಚಳಿಗಾಲ ಹೊಸ ಕಾಲುದಾರಿಗಳನ್ನು ತುಳಿದು ಮಾಡುತ್ತಾರೆ, ನಕ್ಷೆಯಲ್ಲಿರುವ ಹಳೆಯವು ಎಲೆಗಳಡಿ ಮುಚ್ಚಿಹೋಗುತ್ತವೆ, ಆದರೆ ಜೇಡಿ ನೆಲವನ್ನು ಕೊರೆದು ಹರಿಯುವ ಲೌಟನ್ ತೊರೆ ಮತ್ತು ಅದರ ಕವಲುಗಳು ಇದ್ದಲ್ಲೇ ಇರುತ್ತವೆ.

ಒಂದು ಲೆಗ್ ಅನ್ನು, ಅಂದರೆ ಒಂದು ಕಂಟ್ರೋಲ್‌ನಿಂದ ಇನ್ನೊಂದಕ್ಕೆ ಹೋಗುವ ಹಾದಿಯನ್ನು, ನಾನು ಈಗ ತಲೆಕೆಳಗಾಗಿ ಓದುತ್ತೇನೆ. ಮೊದಲು ತಲುಪಬೇಕಾದ ವೃತ್ತವನ್ನು ನೋಡಿ, ಅದರ ಹತ್ತಿರ ಎಂದೂ ತಪ್ಪದಂಥ ದೊಡ್ಡ ಗುರುತು ಯಾವುದೆಂದು ಹುಡುಕುತ್ತೇನೆ. ಎರಡು ತೊರೆಗಳು ಕೂಡುವ ಜಾಗವೋ, ಲೌಟನ್ ಕ್ಯಾಂಪ್ ಎಂಬ ಕಬ್ಬಿಣಯುಗದ ಮಣ್ಣುಕೋಟೆಯ ಮೂಲೆಯೋ ಆಗಬಹುದು. ಆಮೇಲೆ ಅಲ್ಲಿಗೆ ವೇಗವಾಗಿ ತಲುಪುವ ದಾರಿ ಯಾವುದೆಂದು ಯೋಚಿಸುತ್ತೇನೆ. ಆ ದೊಡ್ಡ ಗುರುತಿನವರೆಗೆ ಓಟ, ಅಲ್ಲಿಂದ ಮುಂದೆ ನಡಿಗೆ. ಆ ಕೊನೆಯ ನೂರು ಮೀಟರ್‌ಗೆ ಕಂಪಾಸ್ ಹಿಡಿದು, ಹೆಜ್ಜೆ ಎಣಿಸುತ್ತಾ ಹೋಗುತ್ತೇನೆ. ಬಲಗಾಲು ನೆಲ ಮುಟ್ಟುವುದನ್ನು ಮಾತ್ರ ಎಣಿಸಿದರೆ ನನ್ನ ನಡಿಗೆಯಲ್ಲಿ ಅದು ಅರವತ್ತರ ಆಸುಪಾಸಿಗೆ ಬರುತ್ತದೆ. ತೊರೆಯ ಮೇಲಿನ ಒಂದು ಬಿಂದುವನ್ನು ಹುಡುಕಬೇಕಾದಾಗ ನೇರವಾಗಿ ಅದಕ್ಕೇ ಗುರಿಯಿಡದೆ, ಬೇಕೆಂದೇ ಸ್ವಲ್ಪ ಎಡಕ್ಕೆ ಗುರಿಯಿಟ್ಟು ಹೋಗುತ್ತೇನೆ; ತೊರೆ ಸಿಕ್ಕ ಕೂಡಲೇ ಬಲಕ್ಕೆ ತಿರುಗಬೇಕೆಂಬುದರಲ್ಲಿ ಅನುಮಾನವೇ ಇರುವುದಿಲ್ಲ. ಇದ್ಯಾವುದೂ ನನ್ನ ಶೋಧವಲ್ಲ. ಕ್ಲಬ್ಬಿನ ಹಿರಿಯರು ಪ್ರತಿಯೊಬ್ಬ ಹೊಸಬರಿಗೂ ಹೇಳುವ ಮಾತುಗಳೇ.

ಆ ಹಿರಿಯರ ವಿಷಯ ಹೇಳಲೇಬೇಕು. ಈ ಆಟದಲ್ಲಿ ಮೂವತ್ತೈದು ದಾಟಿದ ಮೇಲೆ ಐದೈದು ವರ್ಷಕ್ಕೊಂದು ವಯೋವರ್ಗವಿದೆ, ಮತ್ತು ಎಪ್ಪತ್ತು ದಾಟಿದವರು ಗ್ರೀನ್ ಮಾರ್ಗದಲ್ಲಿ ಬಿರುಸಾಗಿ ನಡೆದುಕೊಂಡೇ ನನಗಿಂತ ಬೇಗ ಮುಗಿಸುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಇದು ಹೇಗೆ ಸಾಧ್ಯವೆಂಬುದು ತಿಳಿಯುವುದು ಫಲಿತಾಂಶದ ಚೀಟಿಯಿಂದ. ಪ್ರತಿ ಕಂಟ್ರೋಲ್‌ನಲ್ಲೂ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆಯಿರುತ್ತದೆ. ಬೆರಳಿಗೆ ಕಟ್ಟಿಕೊಂಡ ಡಿಬ್ಬರ್ ಎಂಬ ಕಡ್ಡಿಯನ್ನು ಅದರ ತೂತಿನೊಳಗೆ ಇಟ್ಟರೆ ಬೀಪ್ ಎಂದು ಸಮಯ ದಾಖಲಾಗುತ್ತದೆ. ಮುಗಿಸಿ ಬಂದ ಮೇಲೆ ಡೌನ್‌ಲೋಡ್ ಮೇಜಿನಲ್ಲಿ ಪ್ರತಿ ಲೆಗ್‌ಗೆ ಹಿಡಿದ ಸಮಯದ ಚೀಟಿ ಮುದ್ರಣವಾಗಿ ಬರುತ್ತದೆ. ಮಧ್ಯದಲ್ಲೇ ಬಿಟ್ಟು ಬಂದವರೂ ಈ ಮೇಜಿಗೆ ಬಂದು ಹೋಗಲೇಬೇಕು, ಇಲ್ಲವಾದರೆ ಅವರು ಇನ್ನೂ ಕಾಡಿನಲ್ಲಿದ್ದಾರೆಂದು ಹುಡುಕಲು ಜನ ಹೊರಡುತ್ತಾರೆ. ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉದ್ದನೆಯ ಲೆಗ್‌ಗಳಲ್ಲಿ ಓಡುವವನು ಗಳಿಸಿದ ನಿಮಿಷಗಳೆಲ್ಲ ಕಷ್ಟದ ಕಂಟ್ರೋಲ್‌ಗಳ ವೃತ್ತದೊಳಗೆ ಕರಗಿಹೋಗಿರುತ್ತವೆ. ಕಾರು ನಿಲ್ಲಿಸಿದ ಬಯಲಿನಲ್ಲಿ ಫ್ಲಾಸ್ಕಿನ ಚಹಾ ಹಿಡಿದು ಈ ಚೀಟಿಗಳ ಮೇಲೆ ನಡೆಯುವ ವಾದವಿವಾದ ಸ್ಪರ್ಧೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಮತ್ತು ನಾನು ಕಲಿತದ್ದರಲ್ಲಿ ದೊಡ್ಡ ಪಾಲು ಅಲ್ಲಿಯದು.

ಇನ್ನೊಂದು ಪಾಲು ಕಂಟ್ರೋಲ್ ಇಡುವ ಕೆಲಸದಿಂದ ಬಂದದ್ದು. ಕ್ಲಬ್ಬಿನಲ್ಲಿ ಸಂಬಳದವರು ಯಾರೂ ಇಲ್ಲ. ಓಡುವವರೇ ಸರದಿಯ ಮೇಲೆ ಕಾರು ನಿಲ್ಲಿಸುವುದು, ಹೊಸಬರಿಗೆ ಹೇಳಿಕೊಡುವುದು, ಡೌನ್‌ಲೋಡ್ ನೋಡಿಕೊಳ್ಳುವುದು ಮಾಡುತ್ತಾರೆ. ಪ್ರತಿ ಸ್ಪರ್ಧೆಗೂ ಏರ್ಪಾಡು ನೋಡುವವರೊಬ್ಬರು, ಮಾರ್ಗ ಯೋಜಿಸುವವರೊಬ್ಬರು, ಅದನ್ನು ಪರಿಶೀಲಿಸುವವರೊಬ್ಬರು ಇರುತ್ತಾರೆ. ಸಣ್ಣ ಸ್ಪರ್ಧೆಯೊಂದರ ಮಾರ್ಗ ಯೋಜನೆ ನನ್ನ ಪಾಲಿಗೆ ಬಂದಾಗ, ಪರ್ಪಲ್ ಪೆನ್ ಎಂಬ ಉಚಿತ ತಂತ್ರಾಂಶದಲ್ಲಿ ವೃತ್ತಗಳನ್ನು ಎಳೆದು, ನಕ್ಷೆ ಹಿಡಿದು ಪ್ರತಿ ಜಾಗಕ್ಕೂ ಹೋಗಿ ಬಣ್ಣದ ಟೇಪಿನ ತುಂಡು ಕಟ್ಟಿ ಬಂದೆ. ಒಂದು ಕಂಟ್ರೋಲ್‌ಗೆ ಬಂದ ದಾರಿಯಲ್ಲೇ ಹೊರಗೆ ಹೋಗುವಂತೆ ಮಾರ್ಗವಿರಬಾರದು, ಏಕೆಂದರೆ ಹೊರಬರುವವರನ್ನು ನೋಡಿ ಒಳಹೋಗುವವರಿಗೆ ಜಾಗ ತಿಳಿದುಬಿಡುತ್ತದೆ. ಒಂದೇ ತೆರನ ಎರಡು ಗುರುತುಗಳಲ್ಲಿ ಕಂಟ್ರೋಲ್ ಇಡುವುದಾದರೆ ಅವುಗಳ ನಡುವೆ ಕನಿಷ್ಠ 60 ಮೀಟರ್ ಅಂತರವಿರಬೇಕು. ಕಾಡಿನ ಬಹುಭಾಗ ಸಂರಕ್ಷಿತವಾದದ್ದರಿಂದ ಕಾರ್ಪೊರೇಷನ್ನಿನ ಅನುಮತಿ ಬೇಕು. ಪುರಾತನ ಬೀಚ್ ಮರಗಳ ಬೇರಿನ ಮೇಲೆ ನೂರಾರು ಕಾಲುಗಳು ಬೀಳದಂತೆ, ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಪೊದೆಗಳ ಕಡೆ ಜನ ಹೋಗದಂತೆ ಮಾರ್ಗಗಳನ್ನು ತಿರುಗಿಸಬೇಕು. ಒಂದು ಗುಂಡಿಯನ್ನು ನಾಲ್ಕೂ ದಿಕ್ಕಿನಿಂದ ನೋಡಿ, ಯಾವ ಕಡೆಯಿಂದ ಬಂದರೆ ಅದು ಎಷ್ಟು ದೂರದಿಂದ ಕಾಣುತ್ತದೆಂದು ಬರೆದುಕೊಂಡ ಮೇಲೆ ಕಾಂಟೂರ್ ರೇಖೆ ನನಗೆ ಓದಲು ಬಂದ ಹಾಗೆ ಎಷ್ಟು ಓಡಿದರೂ ಬಂದಿರಲಿಲ್ಲ.

ಇಂಗ್ಲೆಂಡಿಗೆ ಈ ಆಟ ಸ್ವೀಡನ್ ಮತ್ತು ನಾರ್ವೆಗಳಿಂದ ಬಂದದ್ದು. 1960ರ ದಶಕದಲ್ಲಿ ಇದನ್ನು ಇಲ್ಲಿ ಬೆಳೆಸಿದವರಲ್ಲಿ ಕ್ರಿಸ್ ಬ್ರ್ಯಾಷರ್ ಮತ್ತು ಜಾನ್ ಡಿಸ್ಲಿ ಮುಖ್ಯರು. ಇದೇ ಇಬ್ಬರು 1981ರಲ್ಲಿ ಲಂಡನ್ ಮ್ಯಾರಥಾನ್ ಆರಂಭಿಸಿದರು. ಮ್ಯಾರಥಾನ್ ವಿಷಯ ಎಲ್ಲರಿಗೂ ಗೊತ್ತು, ಓರಿಯಂಟೀರಿಂಗ್ ವಿಷಯ ಓಡುವವರಿಗೇ ಗೊತ್ತಿಲ್ಲ. ಇಲ್ಲಿನ ಕ್ಲಬ್ಬುಗಳಿಗೆ ನೆರವಾಗಿ, 1967ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಸ್ವೀಡನ್ನಿನ ಯಾನ್ ಷೆಲ್‌ಸ್ಟ್ರೋಮ್ (Jan Kjellström) ಅವರ ನೆನಪಿನಲ್ಲಿ ಈಸ್ಟರ್ ರಜೆಯಲ್ಲಿ ನಡೆಯುವ ದೊಡ್ಡ ಕೂಟವನ್ನು ಎಲ್ಲರೂ ಜೆಕೆ ಎಂದೇ ಕರೆಯುತ್ತಾರೆ. ಅಲ್ಲಿಗೆ ಹೋಗುವುದು ಚೆನ್ನ, ಆದರೆ ಮೊದಲ ಸ್ಪರ್ಧೆಗೆ ಅದು ತಕ್ಕುದಲ್ಲ.

ಇಲ್ಲಿರುವ ಕನ್ನಡದ ಗೆಳೆಯರು ಏನು ತರಬೇಕೆಂದು ಕೇಳಿದಾಗ ಹೇಳುವುದು ಕಡಿಮೆ. ಕೆಸರಿನಲ್ಲಿ ಜಾರದ ಬೂಟು, ಕಾಲು ಪೂರ್ತಿ ಮುಚ್ಚುವ ಪ್ಯಾಂಟು, ಒಂದು ಸೀಟಿ. ಡಿಬ್ಬರ್ ಬಾಡಿಗೆಗೆ ಸಿಗುತ್ತದೆ, ಕಂಪಾಸನ್ನು ಕ್ಲಬ್ಬಿನವರೇ ಎರವಲು ಕೊಡುತ್ತಾರೆ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿಯ ಹಿಂದೆ, ಸೊಂಟದ ಸುತ್ತ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಉಣುಗು ಹರಡುವುದು ಲೈಮ್ ಕಾಯಿಲೆಯನ್ನು.

ಭಾನುವಾರ ಬಿಡುವಿಲ್ಲದವರಿಗೆ ಚಳಿಗಾಲದ ವಾರದ ಸಂಜೆಗಳಲ್ಲಿ ನಡೆಯುವ ಸ್ಟ್ರೀಟ್-ಓ ಇದೆ. ಬೀದಿಗಳ ನಕ್ಷೆ ಹಿಡಿದು, ತಲೆಗೆ ಟಾರ್ಚ್ ಕಟ್ಟಿಕೊಂಡು, ಒಂದು ಗಂಟೆಯಲ್ಲಿ ಯಾವ ಕ್ರಮದಲ್ಲಾದರೂ ಆದಷ್ಟು ಹೆಚ್ಚು ಅಂಕ ಗಳಿಸಿ ಬರಬೇಕು. ಕಂಟ್ರೋಲ್‌ನ ಬದಲು ದೀಪದ ಕಂಬದ ಮೇಲಿನ ಸಂಖ್ಯೆ ಬರೆದುಕೊಳ್ಳುವುದೋ, ಆಸ್ಟ್ರೇಲಿಯದಲ್ಲಿ ತಯಾರಾದ ಮ್ಯಾಪ್‌ರನ್ ಆ್ಯಪ್ ಜಿಪಿಎಸ್ ಮೂಲಕ ದಾಖಲಿಸಿಕೊಳ್ಳುವುದೋ ನಡೆಯುತ್ತದೆ. ದಾರಿ ಆರಿಸುವ ಅಭ್ಯಾಸಕ್ಕೆ ಇದು ಒಳ್ಳೆಯದು, ಕಾಂಟೂರ್ ಓದಲು ಇದರಿಂದ ಏನೂ ಉಪಯೋಗವಿಲ್ಲ. ಅದೂ ಆಗದವರು ಶಾಶ್ವತ ಕಂಬಗಳನ್ನು ನೆಟ್ಟಿರುವ ಉದ್ಯಾನಗಳಿಗೆ ತಮಗೆ ಬೇಕಾದ ದಿನ ನಕ್ಷೆ ಮುದ್ರಿಸಿಕೊಂಡು ಹೋಗಬಹುದು. ಹಾಗೆ ಹೋಗುವವರಿಗೆ ನಾನು ಹೇಳುವುದು, ಕಂಬಗಳನ್ನು ಒಮ್ಮೆ ಕಾಲುದಾರಿಯಲ್ಲೇ ಮುಟ್ಟಿ, ಇನ್ನೊಂದು ದಿನ ಅದೇ ಕಂಬಗಳಿಗೆ ಕಾಲುದಾರಿಯನ್ನು ದಾಟಬಹುದು, ಆದರೆ ಅದರ ಮೇಲೆ ನಡೆಯಬಾರದೆಂಬ ಕಟ್ಟಳೆ ಹಾಕಿಕೊಂಡು ಹೋಗಿ ಎಂದು.