ಚಿಕ್ಕ ಸಭೆಯಲ್ಲಿ ಅಡ್ವೆಂಟ್, ಕ್ರಿಸ್ಮಸ್ ಮತ್ತು ಹೊಸ ವರ್ಷ: ಸಿದ್ಧತೆಯ ಕ್ರಮ

ಮೈಸೂರು, ಮಂಡ್ಯ ಕಡೆಯಲ್ಲಿ 30-40 ಕುಟುಂಬಗಳಷ್ಟೇ ಇರುವ ಕ್ರೈಸ್ತ ಸಭೆಯೊಂದು ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ದೀಪಾಲಂಕಾರವನ್ನು ಅನುಕರಿಸಲು ಹೊರಟರೆ ಕ್ರಿಸ್ಮಸ್ ಬರುವ ಮೊದಲೇ ದಣಿದುಹೋಗುತ್ತದೆ. ಚಿಕ್ಕ ಸಭೆಯ ಬಲವೇ ಬೇರೆ: ಅಲ್ಲಿ ಎಲ್ಲರಿಗೂ ಎಲ್ಲರ ಹೆಸರು ಗೊತ್ತು, ಪ್ರತಿಯೊಂದು ಮನೆಗೂ ಒಂದು ಕೆಲಸ ಕೊಡಬಹುದು. ಆ ಬಲವನ್ನು ನಂಬಿ ಯೋಜನೆ ಮಾಡಬೇಕು.

ಅಡ್ವೆಂಟ್ ಎಂದರೆ ಕ್ರಿಸ್ಮಸ್ಸಿಗಾಗಿ ಕಾಯುವ, ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರವೇ ಅಡ್ವೆಂಟಿನ ಮೊದಲ ಭಾನುವಾರ. 2026ರಲ್ಲಿ ಅದು ನವೆಂಬರ್ 29. ಅದಕ್ಕೆ ಎರಡು ವಾರ ಮುಂಚೆ ಸಭೆಯ ಹಿರಿಯರು, ಸ್ತ್ರೀಯರ ಕೂಟದವರು, ಭಾನುವಾರ ಶಾಲೆಯ ಶಿಕ್ಷಕರು ಒಟ್ಟಿಗೆ ಕುಳಿತು ಜವಾಬ್ದಾರಿಗಳನ್ನು ಹಂಚಿಕೊಳ್ಳಬೇಕು. ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳ ಸುತ್ತ ಹಸಿರು ಕೊಂಬೆಗಳನ್ನು ಬಳಸಿ ಮಾಡುವ ಅಡ್ವೆಂಟ್ ಚಕ್ರಕ್ಕೆ ಸರ್ವೆಯ ಕೊಂಬೆಗಳು ಸಾಕು. ಅವು ಬೇಗ ಒಣಗಿ ಬೆಂಕಿ ಹಿಡಿಯುವುದರಿಂದ ಪ್ರತಿ ವಾರ ಬದಲಿಸಬೇಕು, ಮೇಣದಬತ್ತಿಗಳನ್ನು ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಬೇಕು. ಮೂರು ನೇರಳೆ, ಮೂರನೆಯ ಭಾನುವಾರಕ್ಕೆ ಒಂದು ಗುಲಾಬಿ, ಕ್ರಿಸ್ಮಸ್ಸಿಗೆ ನಡುವೆ ಒಂದು ಬಿಳಿಯದು ಎಂಬುದು ರೂಢಿ. ಪ್ರತಿ ವಾರ ಒಂದು ಕುಟುಂಬವನ್ನು ಕರೆದು, ಮನೆಯ ಹಿರಿಯರು ಯೆಶಾಯನ ಪ್ರವಾದನೆಯ ಭಾಗವನ್ನು ಓದುವಂತೆಯೂ ಮಗು ಬತ್ತಿ ಹಚ್ಚುವಂತೆಯೂ ಮಾಡಿದರೆ ನಾಲ್ಕು ವಾರಗಳಲ್ಲಿ ನಾಲ್ಕು ಮನೆಯವರು ಆರಾಧನೆಯನ್ನು ನಡೆಸಿಕೊಟ್ಟಂತಾಗುತ್ತದೆ. ಈ ವಾರಗಳ ಆರಾಧನೆಯಲ್ಲಿ ಕ್ರಿಸ್ಮಸ್ ಗೀತೆಗಳನ್ನು ಹಾಡದೆ ತಡೆದಿಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯುವ ಕಾಲವನ್ನು ಕಾಯುತ್ತಲೇ ಕಳೆಯಬೇಕು. ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಗೋದಲಿಯಲ್ಲಿಯೂ ಬಾಲಯೇಸುವಿನ ಪ್ರತಿಮೆಯನ್ನು ಡಿಸೆಂಬರ್ 24ರ ರಾತ್ರಿಯವರೆಗೆ ಇಡಬಾರದು.

ಹೆಚ್ಚು ಯೋಚನೆ ಬೇಡುವ ಕೆಲಸ ಕ್ಯಾರಲ್ ಭೇಟಿ, ಅಂದರೆ ಮನೆಮನೆಗೆ ಹೋಗಿ ಕ್ರಿಸ್ಮಸ್ ಗೀತೆಗಳನ್ನು ಹಾಡುವುದು. ಡಿಸೆಂಬರಿನಲ್ಲಿ ಮಂಡ್ಯದ ಹಳ್ಳಿಗಳಲ್ಲಿ ಭತ್ತದ ಕೊಯ್ಲು, ಒಕ್ಕಣೆ ನಡೆಯುತ್ತಿರುತ್ತವೆ. ಹೊಲದಿಂದ ದಣಿದು ಬಂದವರ ಮನೆಗೆ ಯಾವ ದಿನ, ಯಾವ ಹೊತ್ತಿಗೆ ಹೋಗಬೇಕೆಂಬುದನ್ನು ಅವರನ್ನೇ ಕೇಳಿ ಪಟ್ಟಿ ಮಾಡಬೇಕು. ದೇವಾಲಯಕ್ಕೆ ಬರಲಾಗದ ವೃದ್ಧರ ಮತ್ತು ರೋಗಿಗಳ ಮನೆಗಳು ಪಟ್ಟಿಯಲ್ಲಿ ಮೊದಲಿರಲಿ, ಕೊನೆಗೆ ಉಳಿದ ಸಮಯದಲ್ಲಿ ಅವಸರದಿಂದ ಹೋಗಿ ಬರುವ ಮನೆಗಳಾಗದಿರಲಿ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಮುಂಚೆಯೇ ಅನುಮತಿ ಕೇಳಿ, ವಾದ್ಯಗಳನ್ನು ಹೊರಗಿಟ್ಟು, ಒಂದು ಮೃದುವಾದ ಹಾಡು ಹಾಡಿ ಪ್ರಾರ್ಥಿಸಿ ಬರುವುದು ಸೂಕ್ತ. ಹಾರ್ಮೋನಿಯಂ, ತಬಲಾ ಇದ್ದರೆ ಧ್ವನಿವರ್ಧಕದ ಅಗತ್ಯವೇ ಇಲ್ಲ. ಕಾಣಿಕೆಯನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದೆಂದು ಮೊದಲೇ ಪ್ರಕಟಿಸಿ, ಅದೇ ರಾತ್ರಿ ಇಬ್ಬರು ಎಣಿಸಿ ಸಹಿ ಹಾಕಿ, ಮುಂದಿನ ಭಾನುವಾರ ಮೊತ್ತವನ್ನು ಓದಿ ಹೇಳಬೇಕು.

ಭಾನುವಾರ ಶಾಲೆಯ ಮಕ್ಕಳ ನಾಟಕಕ್ಕೆ ಬಾಡಿಗೆಯ ಉಡುಪು ಬೇಡ. ಕುರುಬರ ಪಾತ್ರಧಾರಿಗಳು ಹೆಗಲ ಮೇಲೆ ಕಂಬಳಿ ಹೊದ್ದು, ಮನೆಯಲ್ಲಿ ಆಡುವ ಮಾತಿನಲ್ಲೇ ಸಂಭಾಷಣೆ ಹೇಳಿದರೆ ಯೇಸುವಿನ ಜನನವನ್ನು ಹೇಳುವ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ಕೇಳುವವರ ಹತ್ತಿರಕ್ಕೆ ಬರುತ್ತದೆ. ಮಧ್ಯರಾತ್ರಿಯ ಆರಾಧನೆ ಇಟ್ಟುಕೊಳ್ಳುವವರು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ ನಿಷೇಧವಿರುವುದನ್ನು ನೆನಪಿಡಬೇಕು. ಒಳಗಿನ ಧ್ವನಿ ಹೊರಗೆ ಹೋಗದಂತೆ ಏರ್ಪಾಡು ಮಾಡಿಕೊಳ್ಳಬೇಕು. ಕ್ರಿಸ್ಮಸ್ ದಿನದ ಊಟಕ್ಕೆ ಸರಳವಾದ ಅಡುಗೆ ಸಾಕು, ಆದರೆ ಒಂಟಿಯಾಗಿರುವವರನ್ನು ಹೆಸರು ಹಿಡಿದು ಕರೆಯಬೇಕು.

ಡಿಸೆಂಬರ್ 31ರ ರಾತ್ರಿಯ ಜಾಗರಣೆಯ ಆರಾಧನೆಯನ್ನು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಗಡವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯವರು ಮೊರೇವಿಯನ್ನರೆಂಬ ಮತ್ತೊಂದು ಪ್ರಾಟೆಸ್ಟಂಟ್ ಪಂಗಡದವರಿಂದ ಪಡೆದು ಮೆಥಡಿಸ್ಟರಲ್ಲಿ ರೂಢಿಗೆ ತಂದರು; ವೆಸ್ಲಿಯನ್ ಮಿಷನರಿಗಳು ದುಡಿದ ಮೈಸೂರು ಸೀಮೆಯ ಸಭೆಗಳಿಗೆ ಅದು ಸಹಜವಾದ ಪರಂಪರೆ. ಹತ್ತೂವರೆಗೆ ಆರಂಭಿಸಿ, ಬೈಬಲಿನ 90ನೆಯ ಕೀರ್ತನೆಯನ್ನು ಓದಿ, ಆ ವರ್ಷ ಅಗಲಿದವರ, ದೀಕ್ಷಾಸ್ನಾನ ಹೊಂದಿದವರ, ಮದುವೆಯಾದವರ ಹೆಸರುಗಳನ್ನು ನಿಧಾನವಾಗಿ ಹೇಳಿ, ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೌನ ಪ್ರಾರ್ಥನೆಗೆ ಮೊಣಕಾಲೂರಬೇಕು. ಭಾಷಣ ಚಿಕ್ಕದಾಗಿರಲಿ. ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ, ವೆಸ್ಲಿಯವರು 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಜನವರಿಯ ಮೊದಲ ಭಾನುವಾರ ನಡೆಸಬಹುದು. ಅದರ ಪ್ರಾರ್ಥನೆಯ ಮಾತುಗಳು ಭಾರವಾದವುಗಳಾದ್ದರಿಂದ ಪ್ರತಿಗಳನ್ನು ಕ್ರಿಸ್ಮಸ್ ದಿನವೇ ಮನೆಮನೆಗೆ ಕೊಟ್ಟು, ಓದಲು ಬಾರದ ಹಿರಿಯರಿಗೆ ಯುವಕರು ಓದಿ ಹೇಳುವಂತೆ ಏರ್ಪಡಿಸಬೇಕು.