ಫಂಕ್ ಧ್ವನಿಮುದ್ರಣಗಳಲ್ಲಿ ನುಡಿಸಿದವರನ್ನು ಪತ್ತೆ ಮಾಡುವ ಬಗೆ

ಅಮೆರಿಕದ ಫಂಕ್ ಸಂಗೀತದ ನಿಮಿಷಕ್ಕೆ 45 ಸುತ್ತು ತಿರುಗುವ ಹಳೆಯ (45 ಆರ್‌ಪಿಎಂ) ರೆಕಾರ್ಡುಗಳ ಲೇಬಲ್ಲಿನ ಮೇಲೆ ಗಾಯಕನ, ರಚನಕಾರನ ಮತ್ತು ಕಂಪನಿಯ ಹೆಸರುಗಳಿರುತ್ತವೆಯೇ ಹೊರತು ಡ್ರಮ್ಸ್, ಬೇಸ್, ಗಿಟಾರ್ ನುಡಿಸಿದವರ ಹೆಸರುಗಳು ಸಾಮಾನ್ಯವಾಗಿ ಇರುವುದಿಲ್ಲ. ಲಯವೇ ಜೀವಾಳವಾಗಿರುವ ಸಂಗೀತದಲ್ಲಿ ಆ ಲಯವನ್ನು ಕಟ್ಟಿದವರೇ ಮರೆಯಾಗಿ ಉಳಿದಿರುವುದು ನೋವಿನ ಸಂಗತಿ. ಆದುದರಿಂದಲೇ ಅವರನ್ನು ಹುಡುಕುವ ಕೆಲಸವನ್ನು ಶ್ರದ್ಧೆಯಿಂದ ಮಾಡಬೇಕು.

ಹುಡುಕಾಟವನ್ನು ಒಂದೇ ಒಂದು ಹಾಡಿನಿಂದ ಆರಂಭಿಸಿ. ಫಂಕ್ ಗಾಯಕ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಇದಕ್ಕೆ ಬಹಳ ಒಳ್ಳೆಯ ಆಯ್ಕೆ. ಇದು 1970ರಲ್ಲಿ ಮಾರುಕಟ್ಟೆಗೆ ಬಂದರೂ ಧ್ವನಿಮುದ್ರಣ ನಡೆದದ್ದು 1969ರ ನವೆಂಬರ್ 20ರಂದು, ಸಿನ್ಸಿನಾಟಿಯಲ್ಲಿ. ಬಿಡುಗಡೆಯ ದಿನ ಮತ್ತು ಮುದ್ರಣದ ದಿನ ಬೇರೆ ಬೇರೆ ಎಂಬುದನ್ನು ಮೊದಲಿಗೇ ಗುರುತು ಹಾಕಿಕೊಳ್ಳಿ, ಏಕೆಂದರೆ ಇಲ್ಲಿ ಆ ಕೆಲವೇ ತಿಂಗಳುಗಳ ಅಂತರದಲ್ಲಿ ವಾದ್ಯವೃಂದವೇ ಬದಲಾಯಿತು. 1970ರ ಮಾರ್ಚ್‌ನಲ್ಲಿ ಸಂಬಳ ಮತ್ತು ಶಿಸ್ತಿನ ವಿಚಾರವಾಗಿ ಮನಸ್ತಾಪ ಬೆಳೆದು ಹಳೆಯ ವಾದಕರಲ್ಲಿ ಹೆಚ್ಚಿನವರು ಹೊರನಡೆದರು. ಅವರ ಜಾಗಕ್ಕೆ ಸಿನ್ಸಿನಾಟಿಯಿಂದ ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಮತ್ತು ಅವರ ಅಣ್ಣ, ಗಿಟಾರ್ ವಾದಕ ಕ್ಯಾಟ್‌ಫಿಶ್ ಕಾಲಿನ್ಸ್ ಬಂದರು. ಬಿಡುಗಡೆಯ ವರ್ಷವನ್ನಷ್ಟೇ ನಂಬಿದವರು ಈ ಹಾಡಿನ ಬೇಸ್ ಗಿಟಾರನ್ನು ಬೂಟ್ಸಿಯವರಿಗೆ ಒಪ್ಪಿಸಿಬಿಡುವ ಅಪಾಯವಿದೆ. ಹೀಗಾಗಿ ಒಂದು ಹಾಳೆಯಲ್ಲಿ ಯಾರು ಯಾವಾಗ ತಂಡಕ್ಕೆ ಸೇರಿದರು, ಯಾವಾಗ ಬಿಟ್ಟರು ಎಂಬ ಕಾಲಪಟ್ಟಿಯನ್ನು ಬರೆದಿಟ್ಟುಕೊಂಡು, ಮುದ್ರಣದ ದಿನವನ್ನು ಅದರ ಮೇಲೆ ಹೊಂದಿಸಿ ನೋಡಬೇಕು.

ಕಾಲಪಟ್ಟಿಯೊಂದರಿಂದಲೇ ಉತ್ತರ ಸಿಗುವುದಿಲ್ಲ. ಬ್ರೌನ್ ಅವರ ತಂಡದಲ್ಲಿ ಆ ವರ್ಷಗಳಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಮತ್ತು ಜಾನ್ ‘ಜಾಬೊ’ ಸ್ಟಾರ್ಕ್ಸ್ ಎಂಬ ಇಬ್ಬರು ಡ್ರಮ್ಮರ್‌ಗಳು ಏಕಕಾಲದಲ್ಲಿದ್ದರು. ಇಲ್ಲಿ ಕಿವಿಯೇ ಸಾಕ್ಷಿ ನುಡಿಯಬೇಕು. 1967ರ ‘ಕೋಲ್ಡ್ ಸ್ವೆಟ್’ (ಕ್ಲೈಡ್) ಮತ್ತು 1970ರ ‘ಸೆಕ್ಸ್ ಮಷೀನ್’ (ಜಾಬೊ) ಎರಡನ್ನೂ ಒಂದಾದ ಮೇಲೊಂದು ಕೇಳಿ. ಕ್ಲೈಡ್ ಅವರ ಕೈಯಲ್ಲಿ ಸ್ನೇರ್ ಡ್ರಮ್ಮಿನ ಮುಖ್ಯ ಪೆಟ್ಟುಗಳ ನಡುವೆ ಕೇಳಿಯೂ ಕೇಳದಂತೆ ಬೀಳುವ ಮೆಲುಪೆಟ್ಟುಗಳಿರುತ್ತವೆ. ಜಾಬೊ ಅವರ ನುಡಿಸಾಣಿಕೆ ನೇರ, ನಿರಾಳ. ಬಳಿಕ ‘ಫಂಕಿ ಡ್ರಮ್ಮರ್’ನ ಪೂರ್ಣ ರೂಪದಲ್ಲಿ ಐದು ನಿಮಿಷ ದಾಟಿದ ಮೇಲೆ ಬರುವ ಡ್ರಮ್ಸ್ ಭಾಗಕ್ಕೆ ಹೋಗಿ. ಸೋಲೊ ಬೇಡ, ಈಗ ನುಡಿಸುತ್ತಿರುವುದನ್ನೇ ಮುಂದುವರಿಸು ಎಂದು ಬ್ರೌನ್ ಹೇಳುವುದೂ, ಉಳಿದ ವಾದ್ಯಗಳೆಲ್ಲ ನಿಂತು ಆ ಮೆಲುಪೆಟ್ಟುಗಳು ಮಾತ್ರ ಉಳಿಯುವುದೂ ಸ್ಪಷ್ಟವಾಗಿ ಕೇಳಿಸುತ್ತದೆ.

ಹಾಡಿನ ನಡುವಿನ ಇಂತಹ ಮಾತುಗಳನ್ನು ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಬ್ರೌನ್ ತಮ್ಮ ಸ್ಯಾಕ್ಸೊಫೋನ್ ವಾದಕ ಮೇಸಿಯೊ ಪಾರ್ಕರ್ ಅವರನ್ನು ಎಷ್ಟೋ ರೆಕಾರ್ಡುಗಳಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಲೇಬಲ್ಲಿನಲ್ಲಿ ಇಲ್ಲದ ಹೆಸರು ಹೀಗೆ ಹಾಡಿನೊಳಗೇ ಸಿಗುತ್ತದೆ.

ರಚನಕಾರನ ಹೆಸರನ್ನು ವಾದಕನ ಹೆಸರಿನೊಂದಿಗೆ ಬೆರೆಸಬಾರದು. ‘ಫಂಕಿ ಡ್ರಮ್ಮರ್’ ರಚನೆ ಬ್ರೌನ್ ಅವರ ಹೆಸರಿನಲ್ಲಿದೆ. 1986ರಲ್ಲಿ ಅದು ‘ಇನ್ ದ ಜಂಗಲ್ ಗ್ರೂವ್’ ಸಂಕಲನದಲ್ಲಿ ಮರಳಿ ಬಂದ ನಂತರ ಹಿಪ್‌ಹಾಪ್ ನಿರ್ಮಾಪಕರು ಆ ಡ್ರಮ್ಸ್ ತುಣುಕನ್ನು ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಬಳಸಿದರು. ಆದರೆ ರಚನೆಯಲ್ಲಿ ಪಾಲಿಲ್ಲದ ಕಾರಣ 2017ರಲ್ಲಿ ತೀರಿಕೊಂಡ ಕ್ಲೈಡ್ ಅವರಿಗೆ ಆ ಬಳಕೆಯ ಗೌರವಧನದ (ರಾಯಲ್ಟಿಯ) ಹಕ್ಕು ದೊರೆಯಲಿಲ್ಲ. ಹಕ್ಕಿನ ದಾಖಲೆಯನ್ನು ನೋಡುವಾಗ ಅದು ಹಣ ಯಾರಿಗೆ ಸೇರಿತು ಎಂಬುದನ್ನು ಹೇಳುತ್ತದೆ, ಯಾರು ನುಡಿಸಿದರು ಎಂಬುದನ್ನಲ್ಲ ಎಂದು ನೆನಪಿಡಬೇಕು.

ಕೇಳಿಸುತ್ತಿರುವುದು ಯಾವ ವಾದ್ಯ ಎಂಬುದನ್ನೂ ಪರೀಕ್ಷಿಸಿ. ಬೂಟ್ಸಿ ಮುಂದೆ ಸೇರಿಕೊಂಡ ಪಾರ್ಲಿಮೆಂಟ್ ತಂಡದ ‘ಫ್ಲ್ಯಾಶ್‌ಲೈಟ್’ನಲ್ಲಿ ಬೂಟ್ಸಿಯವರ ಬೇಸ್ ಗಿಟಾರನ್ನು ಹುಡುಕಿ ಪ್ರಯೋಜನವಿಲ್ಲ, ಆ ಉಬ್ಬಿ ಜಾರುವ ಬೇಸ್ ನಾದವನ್ನು ಕೀಬೋರ್ಡ್ ವಾದಕ ಬರ್ನಿ ವರೆಲ್ ಅವರು ಮಿನಿಮೂಗ್ ಎಂಬ ಸಿಂಥಸೈಸರಿನಲ್ಲಿ (ವಿದ್ಯುನ್ಮಾನ ಕೀಲಿಮಣೆ ವಾದ್ಯ) ನುಡಿಸಿದ್ದಾರೆ. ತಂಡದ ಹೆಸರೂ ದಾರಿ ತಪ್ಪಿಸಬಲ್ಲದು. ಪಾರ್ಲಿಮೆಂಟ್ ತಂಡದ ನಾಯಕ ಜಾರ್ಜ್ ಕ್ಲಿಂಟನ್ ಅವರು ಬಹುಮಟ್ಟಿಗೆ ಅದೇ ವಾದಕರನ್ನು ಕಟ್ಟಿಕೊಂಡು ಒಂದು ಕಂಪನಿಗೆ ಪಾರ್ಲಿಮೆಂಟ್ ಎಂದೂ ಇನ್ನೊಂದಕ್ಕೆ ಫಂಕಡೆಲಿಕ್ ಎಂದೂ ಧ್ವನಿಮುದ್ರಿಸಿದರು. ಸ್ಲೈ ಸ್ಟೋನ್ ಅವರ 1971ರ ‘ಫ್ಯಾಮಿಲಿ ಅಫೇರ್’ ಹೊರಬಂದದ್ದು ‘ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್’ ಎಂಬ ಇಡೀ ತಂಡದ ಹೆಸರಿನಲ್ಲಿ. ಅದರ ತಾಳ ಮಾತ್ರ ರಿದಮ್ ಯಂತ್ರದ್ದು, ಕೀಬೋರ್ಡ್ ಹೊರಗಿನವರಾದ ಬಿಲ್ಲಿ ಪ್ರೆಸ್ಟನ್ ಅವರದ್ದು.

ಶ್ರುತಿ ಮತ್ತು ವೇಗವನ್ನು ಆಧಾರವಾಗಿಟ್ಟು ತೀರ್ಮಾನಕ್ಕೆ ಬರುವ ಮುನ್ನವೂ ಎಚ್ಚರ ಬೇಕು. 1965ರಲ್ಲಿ ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿ ಮುದ್ರಿತವಾದ ಬ್ರೌನ್ ಅವರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹಾಡಿನ ಟೇಪನ್ನು ಬಿಡುಗಡೆಗೆ ಮುನ್ನ ಕತ್ತರಿಸಿ ವೇಗ ಹೆಚ್ಚಿಸಲಾಯಿತು. 1991ರ ‘ಸ್ಟಾರ್ ಟೈಮ್’ ಸಂಗ್ರಹದಲ್ಲಿ ಮೂಲ ವೇಗದ, ಕತ್ತರಿಸದ ರೂಪ ಸಿಗುತ್ತದೆ. ಎರಡನ್ನೂ ಜೊತೆಗಿಟ್ಟು ಕೇಳಿದರೆ ಬ್ರೌನ್ ತಂಡದ ಜಿಮ್ಮಿ ನೋಲನ್ ಅವರ ಗಿಟಾರಿನ ಬಿರುಸಿನಲ್ಲಿ ಅವರ ಕೈಯದೆಷ್ಟು, ಟೇಪಿನದೆಷ್ಟು ಎಂಬುದು ತಿಳಿಯುತ್ತದೆ.

ಕೊನೆಗೆ ದಾಖಲಿಸುವಾಗ ಪ್ರತಿ ಹೆಸರಿನ ಮುಂದೆ ಅದು ಸ್ಟುಡಿಯೊ ಕಾಗದದಿಂದ ಬಂದದ್ದೋ, ವಾದಕರ ಸಂದರ್ಶನದಿಂದಲೋ, ನಿಮ್ಮ ಕಿವಿಯಿಂದಲೋ ಎಂಬುದನ್ನು ಬರೆಯಿರಿ. ಸಂದರ್ಶನಗಳು ಬಹಳ ವರ್ಷಗಳ ನಂತರದವಾಗಿರುವುದರಿಂದ, ಇಬ್ಬರು ವಾದಕರು ಒಂದೇ ಹಾಡನ್ನು ತಮ್ಮದೆಂದು ಹೇಳಿದರೆ ಇಬ್ಬರ ಮಾತನ್ನೂ ಉಳಿಸಿಕೊಂಡು, ಮುದ್ರಣದ ದಿನಾಂಕ ಯಾರ ಪರವಾಗಿದೆ ಎಂಬುದನ್ನು ಅದರ ಕೆಳಗೆ ನಮೂದಿಸಿ.