ಬಾಳೆನಾರಿನ ನ್ಯಾನೊಸೆಲ್ಯುಲೋಸ್ ಪ್ಲಾಸ್ಟಿಕ್ಕಿಗೆ: ನೀರು ಬಿಡಿಸುವ ಹಂತದಲ್ಲೇ ಎಲ್ಲ ಇದೆ

ಸಸ್ಯದ ನ್ಯಾನೊನಾರು ಹಾಕಿದ ಪ್ಲಾಸ್ಟಿಕ್ ಅಂದಕೂಡಲೇ ಕೇಳಿಬರುವ ಮೊದಲ ಪ್ರಶ್ನೆ, ‘ಎಷ್ಟು ಪರ್ಸೆಂಟ್ ಹಾಕಿದಿರಿ?’ ನಾವು ಬಾಳೆನಾರಿನ ಸೆಲ್ಯುಲೋಸ್ ನ್ಯಾನೊನಾರನ್ನು (ಮೈಕ್ರಾನ್‌ಗಿಂತಲೂ ಎಷ್ಟೋ ತೆಳುವಾದ ಎಳೆಗಳನ್ನು) ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಮತ್ತು ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್) ಎಂಬ ಪ್ಲಾಸ್ಟಿಕ್ಕುಗಳೆರಡಕ್ಕೂ ಬೇರೆಬೇರೆ ವಿಧಾನದಲ್ಲಿ ಬೆರೆಸುತ್ತ ಬಂದಿದ್ದೇವೆ. ನಮ್ಮ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದದ್ದು, ನಾರಿನ ನೀರನ್ನು ಎಲ್ಲಿ ಬಿಡಿಸಿದಿರಿ ಎಂದು. ಅದೇ ನಾರು, ಅದೇ 5%. ಒಂದು ವಿಧಾನದಲ್ಲಿ ಪ್ಲಾಸ್ಟಿಕ್ ಗಡುಸಾಗುತ್ತದೆ, ಇನ್ನೊಂದರಲ್ಲಿ ಬಿಳಿ ಚುಕ್ಕೆಗಳಾಗಿ ಉಳಿದು ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಲೆಕ್ಕ ಹಾಕಿದರೆ ವಿಷಯ ತಿಳಿಯುತ್ತದೆ. ಅರೆಯುವ ಯಂತ್ರದಿಂದ ಹೊರಬರುವ ನಾರು 1.5% ಸಾಂದ್ರತೆಯ ಜೆಲ್. 1 ಕೆಜಿ ಮಿಶ್ರಣದಲ್ಲಿ 5% ನಾರು ಬೇಕೆಂದರೆ 50 ಗ್ರಾಂ ಒಣ ನಾರು, ಅಂದರೆ ಸುಮಾರು 3.3 ಕೆಜಿ ಜೆಲ್. ಒಂದು ಕೆಜಿ ಮಾಲಿಗೆ ಮೂರೂಕಾಲು ಲೀಟರ್ ನೀರು ಓಡಿಸಬೇಕು. ಸುಮ್ಮನೆ ಓವನ್‌ನಲ್ಲಿಟ್ಟು ಒಣಗಿಸಿದರೆ ನಾರುಗಳ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ಒಗೆದು ಬಿಸಿಲಿಗೆ ಹಾಕಿದ ಹತ್ತಿಬಟ್ಟೆ ಸೆಟೆದುಕೊಳ್ಳುವಂಥದೇ ಇದೂ, ಆದರೆ ಇಲ್ಲಿ ಉಜ್ಜಿದರೆ ಬಿಡುವುದಿಲ್ಲ. ಆ ಗಟ್ಟಿಯನ್ನು ಪುಡಿಮಾಡಿ ಎಕ್ಸ್‌ಟ್ರೂಡರ್‌ಗೆ (ಪ್ಲಾಸ್ಟಿಕ್ಕನ್ನು ಕರಗಿಸಿ, ಸ್ಕ್ರೂನಿಂದ ಕಲಸಿ ಹೊರತಳ್ಳುವ ಯಂತ್ರಕ್ಕೆ) ಹಾಕಿದರೆ ನ್ಯಾನೊನಾರು ಮರಳಿ ಬರುವುದಿಲ್ಲ. ಆಗ ನೀವು ಬೆರೆಸುತ್ತಿರುವುದು ದುಬಾರಿಯಾದ ಮೈಕ್ರಾನ್ ಗಾತ್ರದ ಫಿಲ್ಲರ್ (ತುಂಬುವ ಪುಡಿ) ಅಷ್ಟೆ. ಸ್ಪ್ರೇ ಡ್ರೈಯರ್ ಕೈಗೆ ಪುಡಿ ಕೊಡುತ್ತದೆ ನಿಜ, ಅದು ಉಂಡೆಯುಂಡೆ ಕಣಗಳ ಪುಡಿ. ಫ್ರೀಜ್ ಡ್ರೈ ಮಾಡಿದರೆ ಹಗುರ ಹಾಳೆಗಳು ಸಿಗುತ್ತವೆ. ಮಂಜಿನ ಹರಳು ಬೆಳೆಯುವಾಗ ನಾರುಗಳನ್ನು ಪಕ್ಕಕ್ಕೆ ಒತ್ತರಿಸಿ ಪದರ ಮಾಡಿಬಿಡುತ್ತದೆ. ನೀರನ್ನು ಟರ್ಷಿಯರಿ ಬ್ಯುಟನಾಲ್ ಎಂಬ ದ್ರಾವಕಕ್ಕೆ ಬದಲಿಸಿ ಆಮೇಲೆ ಫ್ರೀಜ್ ಮಾಡಿದರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ನಾರು ತಯಾರಿಯನ್ನು ಚುಟುಕಾಗಿ ಹೇಳುತ್ತೇನೆ. ಬಾಳೆಗಿಡದ ಹೊರಪಟ್ಟೆಯಿಂದ ತೆಗೆದ ನಾರನ್ನು 1 ಸೆಂ.ಮೀ. ತುಂಡು ಮಾಡಿ, ನಾರಿನ ತೂಕದ 20 ಪಟ್ಟು 4% ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಬೇಯಿಸಿ, ತೊಳೆದು, ಇನ್ನೊಮ್ಮೆ ಅದನ್ನೇ ಮಾಡುತ್ತೇವೆ. ಆಮೇಲೆ ಸೋಡಿಯಂ ಕ್ಲೋರೈಟ್ ಮತ್ತು ಅಸಿಟೇಟ್ ಬಫರ್‌ನಲ್ಲಿ ಪಿಎಚ್ 4.8ರ ಸುಮಾರಿಗೆ ಇಟ್ಟು 75 ಡಿಗ್ರಿಯಲ್ಲಿ ಬಿಳುಪು. ಇದರಿಂದ ಏಳುವ ಕ್ಲೋರಿನ್ ಡೈಆಕ್ಸೈಡ್ ವಿಷಾನಿಲ. ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಗೂಡು) ಇಲ್ಲದೆ ಈ ಹಂತಕ್ಕೆ ಕೈಹಾಕಬೇಡಿ. ತೆಂಗಿನ ನಾರನ್ನು ಬಿಟ್ಟು ಬಾಳೆನಾರನ್ನು ಹಿಡಿದದ್ದಕ್ಕೆ ಕಾರಣ ಇಲ್ಲೇ ಇದೆ: ತೆಂಗಿನ ನಾರಿನಲ್ಲಿ ಲಿಗ್ನಿನ್ (ನಾರನ್ನು ಗಟ್ಟಿಯಾಗಿ ಅಂಟಿಸಿರುವ ಪದಾರ್ಥ) ಸುಮಾರು 40%, ಅದನ್ನು ತೆಗೆಯುವಷ್ಟರಲ್ಲಿ ರಾಸಾಯನಿಕದ ಖರ್ಚೂ ಕೊಳೆನೀರೂ ಮಿತಿಮೀರುತ್ತವೆ. ಬಿಳುಪಾದ ತಿರುಳನ್ನು ಎಂದೂ ಒಣಗಿಸಬಾರದು. ಒದ್ದೆಯಾಗಿಯೇ ಫ್ರಿಜ್‌ನಲ್ಲಿಟ್ಟು ಒದ್ದೆಯಾಗಿಯೇ ಅರೆಯಬೇಕು. ಒಮ್ಮೆ ಒಣಗಿದ ತಿರುಳು ಅರೆಯಲು ಹೆಚ್ಚು ಸುತ್ತು ಬೇಡುತ್ತದೆ, ಅಷ್ಟಾದರೂ ನಾರು ಒರಟೇ.

ಅರೆಯಲು ಎರಡು ಸಿರಾಮಿಕ್ ಕಲ್ಲಿನ ಗ್ರೈಂಡರ್, 1500 ಆರ್‌ಪಿಎಂ. ಕಲ್ಲುಗಳು ಮುಟ್ಟುವ ಜಾಗವನ್ನು ಸೊನ್ನೆ ಎಂದಿಟ್ಟುಕೊಂಡು, ತಿರುಳು ಒಳಗೆ ಹರಿಯುತ್ತಿರುವಾಗಲೇ ಗ್ಯಾಪ್ ಅನ್ನು ಮೈನಸ್ 100 ಮೈಕ್ರಾನ್‌ವರೆಗೆ ಇಳಿಸುತ್ತೇವೆ. ಮಧ್ಯೆ ತಿರುಳು ನಿಂತು ಕಲ್ಲು ಕಲ್ಲಿಗೆ ಉಜ್ಜಿದರೆ ಕಲ್ಲುಪುಡಿ ಮಾಲಿಗೆ ಸೇರುತ್ತದೆ. ಸುತ್ತು ಹೆಚ್ಚಿಸಿದಷ್ಟೂ ಒಳ್ಳೆಯದು ಎಂಬುದು ಅರ್ಧ ಸತ್ಯ. ನಾರು ತೆಳುವಾಗುತ್ತ ಹೋಗಿ, ಒಂದು ಹಂತದ ನಂತರ ತುಂಡಾಗತೊಡಗುತ್ತದೆ. ಪ್ಲಾಸ್ಟಿಕ್ಕಿನೊಳಗೆ ನಾರುಗಳು ಒಂದಕ್ಕೊಂದು ತಗುಲಿ ಜಾಲ ಕಟ್ಟಲು ಬೇಕಾದ ಕನಿಷ್ಠ ಘನಫಲದ ಪಾಲಿಗೆ ಸುಲಭದ ಸೂತ್ರವೊಂದಿದೆ: 0.7ನ್ನು ನಾರಿನ ಉದ್ದ-ಅಗಲಗಳ ಅನುಪಾತದಿಂದ ಭಾಗಿಸಿ. ಅನುಪಾತ 100 ಇದ್ದರೆ 0.7% ಸಾಕು, 10ಕ್ಕೆ ಇಳಿದರೆ 7% ಬೇಕು. ನಾವು ನಿಲ್ಲಿಸುವುದು 400 ಪಟ್ಟಿನ ಸೂಕ್ಷ್ಮದರ್ಶಕದಲ್ಲಿ ಇಡೀ ನಾರುಗಳು ಕಾಣದಾದಾಗ, ಮತ್ತು 0.1%ಗೆ ತೆಳುಮಾಡಿ ರಾತ್ರಿಯಿಟ್ಟರೂ ತಳದಲ್ಲಿ ಗಸಿ ಕೂರದಾದಾಗ.

ಇನ್ನು ಬೆರೆಸುವ ವಿಧಾನಗಳು. ಅತಿ ಸುಲಭವಾದದ್ದು ನೀರಿನಲ್ಲೇ ಎರಕ. ಪಿವಿಎ ನೀರಿನಲ್ಲಿ ಕರಗುವುದರಿಂದ ನಾರು ಒಣಗುವ ಹೊತ್ತಿಗೆ ಪಾಲಿಮರ್ ಅದರ ಪಕ್ಕದಲ್ಲೇ ಇರುತ್ತದೆ. 98-99% ಹೈಡ್ರಾಲಿಸಿಸ್ ಆದ ದರ್ಜೆಯ ಪಿವಿಎಯನ್ನು 90 ಡಿಗ್ರಿಯಲ್ಲಿ 2 ಗಂಟೆ ಕದಡಿ 5% ದ್ರಾವಣ ಮಾಡಿ. 14 ಸೆಂ.ಮೀ. ವ್ಯಾಸದ ತಟ್ಟೆಯಲ್ಲಿ ಸುಮಾರು 100 ಮೈಕ್ರಾನ್ ದಪ್ಪದ ಹಾಳೆ ಬರಲು ಒಟ್ಟು ಘನ ಪದಾರ್ಥ 2 ಗ್ರಾಂ ಬೇಕು: 38 ಗ್ರಾಂ ಪಿವಿಎ ದ್ರಾವಣಕ್ಕೆ 1% ನ್ಯಾನೊನಾರಿನ ಜೆಲ್ 10 ಗ್ರಾಂ ಸೇರಿಸಿದರೆ 5% ನಾರಿನ ಹಾಳೆಯಾಯಿತು. ಜೆಲ್ಲನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಬಿಡಿಸಿಕೊಳ್ಳಿ. ದಪ್ಪ ಪಿವಿಎಗೆ ನೇರವಾಗಿ ಹಾಕಿದರೆ ಗಂಟು ಗಂಟಾಗಿಯೇ ಉಳಿಯುತ್ತದೆ. ಗಾಳಿಗುಳ್ಳೆಯನ್ನು ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ತೆಗೆದು, ಮಟ್ಟಗೋಲು ಇಟ್ಟು ಸಮ ಮಾಡಿದ ಜಾಗದಲ್ಲಿ 40 ಡಿಗ್ರಿಯಲ್ಲಿ ನಿಧಾನಕ್ಕೆ ಒಣಗಿಸಿ. ಅವಸರಪಟ್ಟು 70ಕ್ಕೆ ಏರಿಸಿದರೆ ಮೇಲೆ ಕೆನೆಗಟ್ಟಿ ಒಳಗಿನ ನೀರು ಗುಳ್ಳೆಯಾಗಿ ಏಳುತ್ತದೆ, ಅಂಚು ಸುರುಳಿ ಸುತ್ತುತ್ತದೆ. ಹಾಳೆಯ ತಳಮೈ ಮಂಕಾಗಿ, ಮೇಲ್ಮೈ ಹೊಳೆಯುತ್ತಿದ್ದರೆ ನಾರಿನ ಗಂಟುಗಳು ತಳಕ್ಕಿಳಿದಿವೆ ಎಂದು ತಿಳಿಯಿರಿ.

ಫ್ರಾನ್ಸಿನಲ್ಲಿ 1990ರ ದಶಕದ ನಡುವಿನಲ್ಲಿ ಲ್ಯಾಟೆಕ್ಸ್‌ಗೆ (ನೀರಿನಲ್ಲಿ ತೇಲುವ ಪಾಲಿಮರ್ ಕಣಗಳ ದ್ರವಕ್ಕೆ) ಸೆಲ್ಯುಲೋಸ್ ನ್ಯಾನೊಹರಳು (ನ್ಯಾನೊನಾರಿಗಿಂತ ಗಿಡ್ಡನೆಯ ಕಡ್ಡಿಗಳು) ಬೆರೆಸಿ ಮೂರು ವಿಧಾನಗಳನ್ನು ಹೋಲಿಸಿದ್ದರು. ನೀರು ಆರಿಸಿ ಮಾಡಿದ ಹಾಳೆ ಎಲ್ಲಕ್ಕಿಂತ ಬಲ, ಬಿಸಿ ಒತ್ತಿನದು ಅದಕ್ಕಿಂತ ಕಡಿಮೆ, ಎಕ್ಸ್‌ಟ್ರೂಡ್ ಮಾಡಿದ್ದು ಎಲ್ಲಕ್ಕಿಂತ ಕಡಿಮೆ. ನಮ್ಮ ಕೆಲಸದಲ್ಲೂ ಈ ಕ್ರಮ ಬದಲಾಗಿಲ್ಲ. ನಿಧಾನವಾಗಿ ನೀರು ಆರುವಾಗ ನಾರುಗಳಿಗೆ ಜಾಲ ಕಟ್ಟಲು ವ್ಯವಧಾನ ಸಿಗುತ್ತದೆ. ಸ್ಕ್ರೂ ಆ ಜಾಲವನ್ನು ಹರಿದು, ನಾರನ್ನು ಹರಿವಿನ ದಿಕ್ಕಿಗೆ ಎಳೆದು, ಒಂದಿಷ್ಟನ್ನು ತುಂಡರಿಸಿಯೂ ಬಿಡುತ್ತದೆ. ಹಾಗಂತ ತಟ್ಟೆಯಲ್ಲಿ ಹಾಳೆ ಒಣಗಿಸುತ್ತ ಕೂತರೆ ಬಕೆಟ್ಟೂ ಆಗದು, ಕಾರಿನ ಭಾಗವೂ ಆಗದು.

ಪಿಎಲ್‌ಎ ನೀರಿನಲ್ಲಿ ಕರಗದು. ತೇವ ಇದ್ದರೆ ಕರಗುವ ಬಿಸಿಯಲ್ಲಿ ಅದರ ಸರಪಳಿಗಳೇ ತುಂಡಾಗುತ್ತವೆ. ಹರಳನ್ನು (ಪ್ಲಾಸ್ಟಿಕ್ ಕಾಳುಗಳನ್ನು) 250 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 250 ಪಾಲಿಗಿಂತ) ಕಡಿಮೆ ತೇವಕ್ಕೆ ಒಣಗಿಸಿ ಎಂದು ತಯಾರಕರು ಹೇಳುವ ಪಾಲಿಮರ್‌ಗೆ ನಾವು ಲೀಟರ್‌ಗಟ್ಟಲೆ ನೀರು ಹೊತ್ತ ಜೆಲ್ ಬೆರೆಸಬೇಕು. ನಾವು ಹೆಚ್ಚು ನಂಬುವುದು ಮಾಸ್ಟರ್‌ಬ್ಯಾಚ್ ದಾರಿ, ಅಂದರೆ ಹೆಚ್ಚು ನಾರಿನ ಮಿಶ್ರಣವನ್ನು ಮೊದಲು ಮಾಡಿಟ್ಟು ಆಮೇಲೆ ಬರೀ ಪಿಎಲ್‌ಎ ಸೇರಿಸಿ ತೆಳುಮಾಡುವುದು. ಜೆಲ್ಲನ್ನು ಅಸಿಟೋನ್‌ನಲ್ಲಿ ಕಲಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನದನ್ನು ಚೆಲ್ಲಿ, ಮತ್ತೆ ಅಸಿಟೋನ್ ಹಾಕುವುದು. ಹೀಗೆ ಮೂರ್ನಾಲ್ಕು ಸಲ. ಆಮೇಲೆ ಕ್ಲೋರೋಫಾರ್ಮ್. ಪಿಎಲ್‌ಎಯನ್ನು ಕ್ಲೋರೋಫಾರ್ಮ್‌ನಲ್ಲಿ 10% ಕರಗಿಸಿ, ಕೊನೆಗೆ 20 ಪಾಲು ನಾರು, 80 ಪಾಲು ಪಿಎಲ್‌ಎ ಇರುವಂತೆ ಬೆರೆಸಿ, ಹಾಳೆಯಾಗಿ ಸುರಿದು, ಕತ್ತರಿಸುತ್ತೇವೆ. ಇದರ 250 ಗ್ರಾಂಗೆ 750 ಗ್ರಾಂ ಒಣ ಪಿಎಲ್‌ಎ ಸೇರಿಸಿದರೆ 5% ಮಿಶ್ರಣ. ಹಾಳೆಯಲ್ಲಿ ಕ್ಲೋರೋಫಾರ್ಮ್ ಉಳಿದರೆ ಅದು ಪ್ಲಾಸ್ಟಿಕ್ಕನ್ನು ಮೆದುಗೊಳಿಸಿ ಪರೀಕ್ಷೆಯ ಅಂಕಿಗಳನ್ನು ಕೆಡಿಸುತ್ತದೆ. ಆದ್ದರಿಂದ ತೂಕ ಇಳಿಯುವುದು ನಿಲ್ಲುವವರೆಗೂ ವ್ಯಾಕ್ಯೂಮ್ ಓವನ್ ಬಿಡಬೇಡಿ. ಸ್ವೀಡನ್ನಿನ ಲೂಲಿಯೊದ ಸಂಶೋಧಕರು ಇದೇ ಬಗೆಯ ಮಾಸ್ಟರ್‌ಬ್ಯಾಚ್‌ನಿಂದ 2010ರಲ್ಲಿ ಪ್ರಕಟಿಸಿದ ಅಂಕಿ ನೋಡಿ: ಕೆನಾಫ್ (ಸೆಣಬಿನಂಥ ಗಿಡ) ನ್ಯಾನೊನಾರು 5% ಇದ್ದಾಗ ಪಿಎಲ್‌ಎಯ ಕರ್ಷಣ ಬಲ 58ರಿಂದ 71 ಮೆಗಾಪ್ಯಾಸ್ಕಲ್‌ಗೆ, ಮಾಡ್ಯುಲಸ್ (ಗಡುಸುತನದ ಅಳತೆ) 2.9ರಿಂದ 3.6 ಗಿಗಾಪ್ಯಾಸ್ಕಲ್‌ಗೆ ಏರಿತು. ಹಿಗ್ಗಬೇಕಾದ ಏರಿಕೆಯೇ, ಆದರೆ ಸೆಲ್ಯುಲೋಸ್ ಹರಳಿನ ಉದ್ದಕ್ಕಿರುವ ಸುಮಾರು 140 ಗಿಗಾಪ್ಯಾಸ್ಕಲ್ ಮಾಡ್ಯುಲಸ್ ಕಂಡು ಕಟ್ಟಿಕೊಂಡ ಕನಸಿಗೆ ಹೋಲಿಸಿದರೆ ಸಣ್ಣದು.

ದ್ರಾವಕ ಬೇಡವೆನ್ನುವವರಿಗೆ ದ್ರವ ರೂಪದಲ್ಲೇ ಎಕ್ಸ್‌ಟ್ರೂಡರ್‌ಗೆ ಉಣಿಸುವ ದಾರಿ ಇದೆ. ಇಲ್ಲಿ ಜೆಲ್ಲನ್ನು ಸೆಂಟ್ರಿಫ್ಯೂಜ್ ಮಾಡಿ 10%ಗೆ ಏರಿಸಿಕೊಳ್ಳಬೇಕು. ಆಗ 50 ಗ್ರಾಂ ನಾರಿಗೆ ನೀರು 450 ಗ್ರಾಂಗೆ ಇಳಿಯುತ್ತದೆ. ಇದಕ್ಕೆ ಟ್ರೈಅಸೆಟಿನ್‌ನಂಥ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ದ್ರವ) ಬೆರೆಸಿ, ಪಿಎಲ್‌ಎ ಕರಗಿದ ಮೇಲಿನ ವಲಯದಲ್ಲಿ ಪಂಪ್ ಮಾಡುವುದು. ಹಾಪರ್‌ನಲ್ಲೇ (ಹರಳು ತುಂಬುವ ಬಾಯಲ್ಲೇ) ಹಾಕಿದರೆ ಹಬೆ ಹಿಂದಕ್ಕೆ ನುಗ್ಗಿ ಹರಳುಗಳು ಗಂಟಲಲ್ಲೇ ಅಂಟಿಕೊಳ್ಳುತ್ತವೆ. ಪಂಪಿನ ಮುಂದೆ ಒಂದು ತೆರೆದ ವೆಂಟ್, ಡೈಗೆ (ಮಾಲು ಹೊರಬರುವ ಬಾಯಿಗೆ) ಮೊದಲು ವ್ಯಾಕ್ಯೂಮ್ ವೆಂಟ್, ಎರಡೂ ಬೇಕೇಬೇಕು. ತೆರೆದ ವೆಂಟ್‌ನಿಂದ ಮಾಲೇ ಉಕ್ಕಿ ಬರತೊಡಗಿದರೆ ನೀರು ತಾಳಿಕೆಗಿಂತ ಹೆಚ್ಚಾಗಿದೆ. ಸ್ಕ್ರೂ ವೇಗ ಏರಿಸುವ ಬದಲು ಉಣಿಸುವ ದರ ಇಳಿಸಿ. ಪ್ಲಾಸ್ಟಿಸೈಸರ್ ನಾರುಗಳು ಮತ್ತೆ ಕೂಡಿಕೊಳ್ಳದಂತೆ ತಡೆಯುತ್ತದೆ, ಆದರೆ ಗಡುಸುತನವನ್ನೂ ಕಸಿಯುತ್ತದೆ.

ಎಕ್ಸ್‌ಟ್ರೂಡರ್ ಒಂದೇ ದಿಕ್ಕಿಗೆ ತಿರುಗುವ ಎರಡು ಸ್ಕ್ರೂಗಳದು, ವಲಯಗಳು 165ರಿಂದ 180 ಡಿಗ್ರಿ, ವೇಗ 150ರಿಂದ 200 ಆರ್‌ಪಿಎಂ. ಪರದೆಯ ಮೇಲಿನ ಅಂಕಿ ಬ್ಯಾರೆಲ್ಲಿನದು. ಕಲಸುವ ಬ್ಲಾಕ್‌ಗಳ ಘರ್ಷಣೆಯಿಂದ ಒಳಗಿನ ಕರಗಿದ ಮಾಲು ಅದಕ್ಕಿಂತ ಬಿಸಿಯಿರುತ್ತದೆ, ಡೈ ಬಾಯಲ್ಲಿ ಥರ್ಮೋಕಪಲ್ ಚುಚ್ಚಿ ನೋಡಿ. ಹೊರಬರುವ ಎಳೆಯು ಜೇನುಬಣ್ಣಕ್ಕೆ ತಿರುಗಿ ಸುಟ್ಟ ಸಕ್ಕರೆಯ ವಾಸನೆ ಬಂದರೆ ಸೆಲ್ಯುಲೋಸ್ ಕೆಡುತ್ತಿದೆ. ಯಂತ್ರದಿಂದ ಅರೆದ ನಾರು ಈ ಬಿಸಿಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಗಂಧಕಾಮ್ಲದಿಂದ ಮಾಡಿದ ನ್ಯಾನೊಹರಳಿನ ಸಲ್ಫೇಟ್ ಗುಂಪುಗಳೂ, ಟೆಂಪೊ ಎಂಬ ವೇಗವರ್ಧಕ ಬಳಸುವ ಆಕ್ಸಿಡೀಕರಣದ ಕಾರ್ಬಾಕ್ಸಿಲೇಟ್‌ಗಳೂ ಶಾಖದ ತಾಳಿಕೆಯನ್ನು ತಗ್ಗಿಸುತ್ತವೆ. ಅಂಥವನ್ನು ಎರಕಕ್ಕೇ ಇಟ್ಟುಕೊಳ್ಳುವುದು ಲೇಸು. ಹೊರಬಂದ ಎಳೆಯನ್ನು ನೀರಿನ ತೊಟ್ಟಿಗೆ ಹಾಕದೆ ಗಾಳಿಯಲ್ಲೇ ತಣಿಸುತ್ತೇವೆ. ಹರಳನ್ನು ಮರುಒಣಗಿಸುವಾಗ 50 ಡಿಗ್ರಿ ದಾಟಿಸುವುದಿಲ್ಲ. ಪಿಎಲ್‌ಎ 55-60ರಲ್ಲಿ ಮೆದುವಾಗಿ ಇಡೀ ತಟ್ಟೆ ಒಂದೇ ಗಟ್ಟಿಯಾಗುತ್ತದೆ.

ಬಿಸಿ ಒತ್ತಿನ ಬಗ್ಗೆ ಒಂದು ಮಾತು. ನ್ಯಾನೊನಾರನ್ನು ಸೋಸಿ ಕಾಗದದಂಥ ಹಾಳೆ ಮಾಡಿ, ಪಿಎಲ್‌ಎ ಹಾಳೆಗಳ ನಡುವೆ ಇಟ್ಟು 180 ಡಿಗ್ರಿಯಲ್ಲಿ ಒತ್ತಿದರೆ ಸಿಗುವುದು ಬಹುಮಟ್ಟಿಗೆ ಪದರ ಪದರದ ಸ್ಯಾಂಡ್‌ವಿಚ್. ಹಾಳೆಯ ರಂಧ್ರಗಳು ಅತಿ ಸಣ್ಣ, ಕರಗಿದ ಪಿಎಲ್‌ಎ ಅತಿ ಮಂದ, ಒಳಗಿಳಿಯುವುದಿಲ್ಲ. ನೀರಿನಂತೆ ತೆಳುವಾದ ಫಿನಾಲಿಕ್ ರಾಳ ಇಳಿಯುತ್ತದೆ. ಜಪಾನಿನ ಕ್ಯೋಟೊದಲ್ಲಿ ಆ ದಾರಿಯಿಂದ 370 ಮೆಗಾಪ್ಯಾಸ್ಕಲ್ ಬಾಗುಬಲದ ಹಲಗೆ ಮಾಡಿ 2005ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿ ಹೆಚ್ಚಿನ ಪಾಲು ನಾರೇ, ರಾಳ ಬರೀ ಅಂಟು.

ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ (ಕರಗಿದ ಮಾಲನ್ನು ಅಚ್ಚಿಗೆ ನುಗ್ಗಿಸುವಾಗ) ಅಚ್ಚಿನ ಗೋಡೆಯ ಬಳಿ ನಾರು ಹರಿವಿನ ಉದ್ದಕ್ಕೆ ಮಲಗುತ್ತದೆ. ಆದ್ದರಿಂದ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಅಂಕಿ ಬರುತ್ತವೆ, ಎರಡು ಹರಿವು ಕೂಡುವ ಗೆರೆ ದುರ್ಬಲ. ಮೈಮೇಲೆ ಬೆಳ್ಳಿಗೆರೆ ಕಂಡರೆ ತೇವ, ಗೇಟಿನ (ಮಾಲು ಅಚ್ಚಿಗೆ ನುಗ್ಗುವ ಕಿಂಡಿಯ) ಬಳಿ ಕಂದು ಕಲೆ ಕಂಡರೆ ಇಂಜೆಕ್ಷನ್ ವೇಗ ಹೆಚ್ಚು. ನಾರು ಪಿಎಲ್‌ಎ ಬೇಗ ಹರಳುಗಟ್ಟಲು ಬೀಜದಂತೆ ನೆರವಾಗುತ್ತದಾದರೂ ಅಚ್ಚು 25-30 ಡಿಗ್ರಿ ಇದ್ದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. 100-110ಕ್ಕೆ ಏರಿಸಿ ಹೆಚ್ಚು ಹೊತ್ತು ಹಿಡಿದರೆ ಶಾಖ ತಾಳುವ ಶಕ್ತಿ ಏರುತ್ತದೆ.

ಪರೀಕ್ಷೆಗೆ ಮೊದಲು ಎಲ್ಲ ಮಾದರಿಗಳನ್ನೂ 23 ಡಿಗ್ರಿ, 50% ಆರ್ದ್ರತೆಯಲ್ಲಿ ಕನಿಷ್ಠ 40 ಗಂಟೆ ಇಡಿ. ಆರ್ದ್ರತೆಯ ಕೋಣೆ ಇಲ್ಲದವರಿಗೆ ಮುಚ್ಚಿದ ಡಬ್ಬಿಯಲ್ಲಿ ಮೆಗ್ನೀಶಿಯಂ ನೈಟ್ರೇಟ್‌ನ ಸಂತೃಪ್ತ ದ್ರಾವಣ ಸಾಕು, 25 ಡಿಗ್ರಿಯಲ್ಲಿ ಅದು ಸುಮಾರು 53% ಹಿಡಿದಿಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಹೊರಗಿಟ್ಟು ಎಳೆದ ಪಿವಿಎ ಹಾಳೆಗೂ ಬೇಸಿಗೆಯ ಬಳ್ಳಾರಿಯಲ್ಲಿ ಎಳೆದದ್ದಕ್ಕೂ ಹೋಲಿಕೆಯೇ ಸಲ್ಲದು, ನಾರು ಎಷ್ಟೇ ಇರಲಿ. ಹೋಲಿಕೆಗೆ ಇಡುವ ಬರೀ ಪಿಎಲ್‌ಎ ಕೂಡ ಅದೇ ದ್ರಾವಕ, ಅದೇ ಪ್ಲಾಸ್ಟಿಸೈಸರ್, ಅದೇ ಸ್ಕ್ರೂ ಎಲ್ಲವನ್ನೂ ದಾಟಿ ಬಂದಿರಬೇಕು. ಜೆಲ್ ಒದ್ದೆಯಾಗಿ ಉಣಿಸಿದ್ದರೆ ಅಷ್ಟೇ ಬರಿ ನೀರು ಉಣಿಸಿದ ಪಿಎಲ್‌ಎ ಒಂದನ್ನೂ ಪಕ್ಕದಲ್ಲಿಡಿ, ಅದರ ಮೆಲ್ಟ್ ಫ್ಲೋ ಸೂಚ್ಯಂಕ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆಂಬ ಅಳತೆ) ನೋಡಿ. ನೀರಿನಿಂದ ಸರಪಳಿ ಎಷ್ಟು ತುಂಡಾಯಿತು, ನಾರಿನಿಂದ ಎಷ್ಟು ಬಲ ಬಂತು ಎಂಬುದು ಆಗಲೇ ಬೇರೆ ಬೇರೆಯಾಗಿ ಕಾಣುವುದು.